ಒಣ ಕಾಗದ, ಒದ್ದೆ ಟವೆಲು

ನನ್ನ ಚಿಕ್ಕಮ್ಮನ ಮುಖದ ಹುಣ್ಣಿಗೆ ನೆಟ್ಟಗಿನ ಒಂದು ಅಂಚಿತ್ತು. ಮೂಗಿನ ನಡುವಿನಿಂದ ಎರಡೂ ಕೆನ್ನೆಗೆ ಅಡ್ಡಲಾಗಿ ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಗೆರೆಯ ಕೆಳಗೆಲ್ಲ ಕೆಂಪು, ಬಿರುಕು, ಸಿಪ್ಪೆ ಏಳುವ ಚರ್ಮ. ಗೆರೆಯ ಮೇಲೆ ಏನೂ ಇಲ್ಲ. ಹಣೆ, ಕಣ್ಣಿನ ಸುತ್ತ ಎಲ್ಲ ಮೊದಲಿನಂತೆಯೇ ಇತ್ತು. ಇಷ್ಟು ಅಚ್ಚುಕಟ್ಟಾದ ಚರ್ಮರೋಗವನ್ನು ನಾನಂತೂ ಕಂಡಿರಲಿಲ್ಲ. ಆದರೆ ನಾವು ಕೆಲಸ ಮಾಡುತ್ತಿದ್ದ ಮಂಡಿಯಲ್ಲಿ ಆ ಗೆರೆಯನ್ನು ಯಾರೂ ನೋಡಲಿಲ್ಲ. ಹುಣ್ಣನ್ನು ಮಾತ್ರ ನೋಡಿದರು.

ಅದು ತಿಪಟೂರಿನ ಒಂದು ಕೊಬ್ಬರಿ ಮಂಡಿ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಮಿಕ್ಕವರೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ನಿರಾಳವಾಗಿಬಿಡುತ್ತಾರೆ, ಅವರಿಗೆ ಆ ಸುಖ ಕೊಡಲು ನನಗೆ ಮನಸ್ಸಿಲ್ಲ. ನಾನು ಕಿಬ್ಬನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಅಮ್ಮನ ತಂಗಿಯಾದ ಚಿಕ್ಕಮ್ಮ ತಿಪಟೂರಿನಲ್ಲೇ ಇದ್ದಳು, ನನಗಿಂತ ಮೊದಲೇ ಬಂದು ಕೂತಿರುತ್ತಿದ್ದಳು. ಹನ್ನೆರಡು ಹೆಂಗಸರು ಸಾಲಾಗಿ ಕುಳಿತು ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಗೆ ಏಟು ಬೀಳದಂತೆ ಬಿಡಿಸುವುದು ನಮ್ಮ ಕೆಲಸ. ಚಿಕ್ಕಮ್ಮನ ಕೈಯಲ್ಲಿ ಉಂಡೆ ಹೋಳಾಗಿದ್ದನ್ನು ನಾನು ನೋಡಿದ್ದೇ ಇಲ್ಲ. ನನಗೆ ಆ ಕೆಲಸ ಕಲಿಸಿದವಳು ಅವಳೇ. ಅದಕ್ಕೂ ಮೊದಲು, ಹತ್ತನೇ ಕ್ಲಾಸಿಗೆ ನನ್ನ ಓದು ಸಾಕು ಎಂದು ಮನೆಯಲ್ಲಿ ತೀರ್ಮಾನವಾದಾಗ ನಡುಮನೆಯಲ್ಲಿ ನಿಂತು ಜಗಳವಾಡಿ ನನ್ನನ್ನು ಪಿಯುಸಿ ಸೈನ್ಸಿಗೆ ಸೇರಿಸಿದವಳೂ ಅವಳೇ. ಪಿಯುಸಿ ಮುಗಿದ ಮೇಲೆ ಇನ್ನೊಂದು ಜಗಳ ಆಯಿತು. ಅದರಲ್ಲಿ ಅವಳು ಸೋತಳು, ನನ್ನ ಮದುವೆಯಾಯಿತು.

ನಮ್ಮ ಕಡೆ ಕೊಬ್ಬರಿ ಆಗುವುದೆಂದರೆ ಕಾಯಿ ಒಳಗಿನ ನೀರು ಆರುವುದು. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದ ಕಾಯಿ ಹನ್ನೊಂದು ತಿಂಗಳು ಅಲ್ಲೇ ಕೂತಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ, ಬಿಡಿಸಿಕೊಂಡ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಬರಬೇಕು. ನೀರು ಉಳಿದರೆ ಕೊಬ್ಬರಿ ಕೆಟ್ಟಿತು. ಹಾಗಾಗಿ ಒಣಗಿದ್ದೆಲ್ಲ ಒಳ್ಳೆಯದು, ಒದ್ದೆಯಾದದ್ದೆಲ್ಲ ಕೇಡು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಪಾಠ. ಮಂಡಿಯಲ್ಲಂತೂ ಕೊಬ್ಬರಿ ಇರುವ ಕಡೆ ಕೈ ತೊಳೆದು ಒರೆಸದೆ ಬಂದರೆ ಬೈಗುಳ ತಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಒಣಗಿಸಿದ ಮೇಲೂ ಉತ್ತರದ ಕಡೆಯ ವ್ಯಾಪಾರಿಗಳಿಗೆ ಕೊಬ್ಬರಿ ಇನ್ನೂ ಬೆಳ್ಳಗೆ ಬೇಕಂತೆ. ಅದಕ್ಕೆ ನಮ್ಮ ಮಂಡಿಯ ಹಿಂದುಗಡೆ ಕಿಟಕಿ ಇಲ್ಲದ ಒಂದು ಕೋಣೆ ಇತ್ತು. ಬೆಳಿಗ್ಗೆ ಉಂಡೆಗಳನ್ನು ತಟ್ಟಿಗಳ ಮೇಲೆ ಹರವಿ, ಮಣ್ಣಿನ ತಟ್ಟೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಗಂಧಕದ ಪುಡಿ ಸುರಿದು ಬಾಗಿಲು ಹಾಕುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ತೆಗೆದು, ಹೊಗೆ ಅರ್ಧ ಹೋಗಿ ಅರ್ಧ ಇರುವಾಗಲೇ ಹೆಂಗಸರು ಒಳಗೆ ಹೋಗಿ ಕುಕ್ಕೆಗಳಲ್ಲಿ ಕೊಬ್ಬರಿ ತುಂಬಿ ತರಬೇಕು. ಗಂಧಕದ ಹೊಗೆ ಮೂಗಿಗೆ ಹೊಕ್ಕರೆ ಉಸಿರು ಅಲ್ಲೇ ಕಟ್ಟುತ್ತದೆ. ಅಟ್ಟದ ಕೆಳಗೆ ಹೊಗೆ ಹಾಕಿ ಬೆಳೆದ ನಮಗೆ ಹೊಗೆಗೆ ಮದ್ದು ಗೊತ್ತಿತ್ತು: ಬಟ್ಟೆ ಒದ್ದೆ ಮಾಡಿ ಮುಖಕ್ಕೆ ಕಟ್ಟುವುದು. ಸೌದೆಯ ಹೊಗೆಗೆ ಅದು ಸರಿ. ಎಲ್ಲರೂ ಸೆರಗಿನ ತುದಿ ನೆನೆಸಿ ಮೂಗಿಗೆ ಹಿಡಿದು ಓಡಾಡುತ್ತಿದ್ದರು, ಹೊರಗೆ ಬಂದ ತಕ್ಷಣ ಬಿಡುತ್ತಿದ್ದರು. ಚಿಕ್ಕಮ್ಮನಿಗೆ ಎದೆ ಕಟ್ಟುವ ಕಾಟ ಇತ್ತು, ಅದಕ್ಕೆ ಅವಳು ಎಲ್ಲರಿಗಿಂತ ಎಚ್ಚರ. ದಪ್ಪ ಟವೆಲನ್ನು ಎರಡು ಮಡಿಕೆ ಮಾಡಿ, ನೀರಲ್ಲಿ ಅದ್ದಿ, ತಲೆಯ ಹಿಂದೆ ಗಂಟು ಹಾಕಿ, ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ. ಒಣಗಿತು ಅನ್ನಿಸಿದರೆ ಮತ್ತೆ ನೀರು ಚಿಮುಕಿಸಿಕೊಳ್ಳುತ್ತಿದ್ದಳು. ಹುಣ್ಣಾಗಿದ್ದು ಅವಳೊಬ್ಬಳಿಗೇ.

ಮೊದಲು ಪಕ್ಕ ಕೂರುತ್ತಿದ್ದವಳು ಒಂದು ಮಾರು ಆಚೆ ಸರಿದಳು. ಆಮೇಲೆ ಯಾರೋ ಫೋನಿನಲ್ಲಿ ಚಿಕ್ಕಮ್ಮನ ಮುಖದ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಹುಳುಕಡ್ಡಿ ಎಂದರು ಒಬ್ಬರು, ಅದಕ್ಕಿಂತ ಕೆಟ್ಟದ್ದು ಎಂದರು ಇನ್ನೊಬ್ಬರು, ಅಂಟುತ್ತದೆ ಎಂದು ಎಲ್ಲರೂ ಹೇಳಿದರು. ಮಂಡಿಯ ಯಜಮಾನರ ಕಿವಿಗೆ ಬಿತ್ತು. ಅವರು ಜೋರು ಮಾಡುವ ಮನುಷ್ಯ ಅಲ್ಲ. ಹಣೆ ತುಂಬ ವಿಭೂತಿ, ಮಾತಿಗೊಮ್ಮೆ ‘ತಾಯಿ’ ಎನ್ನುತ್ತಾರೆ. ಅದೇ ತಣ್ಣನೆಯ ದನಿಯಲ್ಲಿ ಚಿಕ್ಕಮ್ಮನಿಗೆ, ತಿನ್ನೋ ಪದಾರ್ಥ ನೋಡಿ ತಾಯಿ, ವಾಸಿಯಾಗೋ ತನಕ ಹೊರಗೆ ಬೇವಿನ ಮರದ ಕೆಳಗೆ ಕೂತು ಚಿಪ್ಪು ಆರಿಸಿ ಎಂದರು. ಅವಳಿಗೆ ಬೇರೆ ಲೋಟ ಇಟ್ಟರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆತ್ತಗೆ ಮಾತಾಡಿ ಮನುಷ್ಯರನ್ನು ಹೊರಗೆ ಹಾಕುವವರ ಮೇಲೆ ನನಗೆ ಬರುವ ಸಿಟ್ಟಿಗೆ ಅಳತೆಯಿಲ್ಲ.

ಚಿಕ್ಕಮ್ಮ ಎದ್ದು ಹೊರಟೇಬಿಟ್ಟಳು. ಅದು ನನ್ನನ್ನು ಹೆದರಿಸಿತು. ನನಗಾಗಿ ಅಷ್ಟು ಬಾಯಿ ಮಾಡಿದ್ದವಳು ತನಗಾಗಿ ಒಂದು ಮಾತೂ ಆಡದೆ ಮರದ ಕೆಳಗೆ ಹೋಗಿ ಕೂತಳು. ಮನೆಯಲ್ಲೂ ತನ್ನ ತಟ್ಟೆಯನ್ನು ತಾನೇ ಬೇರೆ ಇಟ್ಟುಕೊಂಡಳಂತೆ. ನಾನು ಬೈದರೆ, ಇದ್ರೂ ಇರಬಹುದು ಬುಡು ಎಂದಳು. ಅಂಟುರೋಗ ಇದೆ ಎಂದು ಅವಳೇ ನಂಬತೊಡಗಿದ್ದಳು. ಅವಳನ್ನು ಹಾಗೆ ನಂಬಿಸಿದ್ದು ನನ್ನ ಪಾಲಿಗೆ ಹುಣ್ಣಿಗಿಂತ ದೊಡ್ಡ ಅನ್ಯಾಯ.

ಆ ಅಂಚು ನನ್ನ ಕಣ್ಣಿಗೆ ಬಿದ್ದದ್ದು ಒಂದು ಭಾನುವಾರ, ಅವಳ ಮನೆಗೆ ಹೋಗಿ ಅವಳ ಟವೆಲನ್ನು ಒಗೆದು ಹರವುವಾಗ. ಟವೆಲಿನ ಮೇಲಂಚು ಮುಖದ ಯಾವ ಜಾಗಕ್ಕೆ ಬರುತ್ತದೋ ಹುಣ್ಣಿನ ಅಂಚೂ ಅಲ್ಲೇ ಇತ್ತು. ರೋಗಕ್ಕೆ ಟವೆಲಿನ ಅಳತೆ ಹೇಗೆ ಗೊತ್ತಾಗಬೇಕು? ಅಂದರೆ ಮುಖದಲ್ಲಿ ಏನೂ ಇಲ್ಲ, ಇರುವುದೆಲ್ಲ ಟವೆಲಿನಲ್ಲಿ. ಗಂಧಕ ಉರಿದರೆ ಬರುವ ಹೊಗೆ ಆಮ್ಲದ ಕುಲದ್ದು ಎಂಬುದಷ್ಟು ಪಿಯುಸಿಯಿಂದ ನನ್ನ ತಲೆಯಲ್ಲಿ ಉಳಿದಿತ್ತು. ತೋರಿಸಿಬಿಡುತ್ತೇನೆ ಎಂದುಕೊಂಡೆ.

ಲಿಟ್ಮಸ್ ಕಾಗದವನ್ನು ಎಲ್ಲಿಂದ ತರುವುದು? ಹಿತ್ತಲಿನಲ್ಲಿ ಕೆಂಪು ದಾಸವಾಳ ಇತ್ತು. ಅದರ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ನೇರಳೆ ಬಣ್ಣ ಹಿಡಿಯುತ್ತದೆ. ಹುಳಿ ತಾಗಿದರೆ ಕೆಂಪಾಗುತ್ತದೆ, ಸೋಡಾ ತಾಗಿದರೆ ಹಸಿರಾಗುತ್ತದೆ. ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಕಾಗದಗಳನ್ನು ಮಾಡಿ, ಎರಡು ದಿನ ಅಟ್ಟದ ಮೇಲೆ ಹರವಿ, ಮುರಿದರೆ ಪಟ್ ಎನ್ನುವಷ್ಟು ಗರಿಗರಿಯಾಗಿ ಒಣಗಿಸಿದೆ. ಮೇಲಕ್ಕೆ ಏನು ಹೋದರೂ ಒಣಗಿಯೇ ಇಳಿಯಬೇಕು ಎಂಬ ಮನೆಯಲ್ಲಿ ಬೆಳೆದವಳು ನಾನು. ಆ ಚಾಳಿಯೇ ನನ್ನ ಮರ್ಯಾದೆ ತೆಗೆಯಿತು.

ಮಂಗಳವಾರ ಊಟದ ಹೊತ್ತಿಗೆ ಯಜಮಾನರನ್ನು ಕರೆದೆ. ಚಿಕ್ಕಮ್ಮನ ಮುಖ ಸುಟ್ಟಿದ್ದು ನಿಮ್ಮ ಹೊಗೆ, ರೋಗ ಅಲ್ಲ, ಈಗ ನೋಡಿ ಎಂದು ಎಲ್ಲರೆದುರು ಹೇಳಿ, ಆಗಷ್ಟೇ ತೆಗೆದ ಬಾಗಿಲಿನೊಳಗೆ ಕೈ ಚಾಚಿ ಕಾಗದ ಹಿಡಿದೆ. ಹೊಗೆ ಕಾಗದವನ್ನು ಸುತ್ತಿಕೊಂಡು ಬರುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಾಗದ ಮಾತ್ರ ನೇರಳೆಯಾಗಿಯೇ ಇತ್ತು. ಎರಡನೆಯದನ್ನು ಹಿಡಿದೆ, ಮೂರನೆಯದನ್ನು ಹಿಡಿದೆ. ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರು ನಗಲಿಲ್ಲ. ದಾಸವಾಳ ದೇವರಿಗೆ ಏರಿಸೋದು ಕಣಮ್ಮ, ಹೊಗೆಗೆ ಅಲ್ಲ ಎಂದು ಹೇಳಿ ಹೋದರು. ಬೇವಿನ ಮರದ ಕೆಳಗಿಂದ ಚಿಕ್ಕಮ್ಮ ಎಲ್ಲವನ್ನೂ ನೋಡುತ್ತಿದ್ದಳು. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ನನ್ನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು, ಎಷ್ಟು ಕರೆದರೂ ಪಕ್ಕಕ್ಕೆ ಬರಲಿಲ್ಲ.

ಮನೆಗೆ ಬಂದು ಸಾರಿಗೆ ಹುಣಸೆಹಣ್ಣು ತೆಗೆದುಕೊಂಡೆ. ಸಿಟ್ಟಿನಲ್ಲಿ ಒಂದು ಕಾಗದವನ್ನು ಹಣ್ಣಿನ ಒಣ ಉಂಡೆಗೆ ಒತ್ತಿದೆ. ಏನೂ ಆಗಲಿಲ್ಲ. ಇಷ್ಟು ಹುಳಿ ಇರುವ ಹುಣಸೆಗೂ ಆಗದಿದ್ದರೆ ಕಾಗದವೇ ಕೆಟ್ಟಿದೆ ಎಂದುಕೊಂಡು, ಕಿವುಚಲೆಂದು ಆಗಲೇ ಸ್ವಲ್ಪ ಹಣ್ಣು ನೆನೆಹಾಕಿದ್ದ ನೀರಿಗೆ ಬಿಸಾಡಿದೆ. ನೀರಿಗೆ ಬಿದ್ದ ಕಾಗದ ಕೆಂಪಾಯಿತು. ನಾನು ಒಲೆಯ ಮುಂದೆ ನನ್ನ ಹಣೆಗೆ ನಾನೇ ಬಡಿದುಕೊಂಡೆ.

ಏಕೆಂದರೆ ಇದನ್ನು ನನಗೆ ಕಲಿಸಿದ್ದರು. ಪಿಯುಸಿಯಲ್ಲಿ, ಹುಡುಗಿಯರು ಹಿಂದೆ ನಿಲ್ಲಬೇಕಾಗಿದ್ದ ಲ್ಯಾಬಿನಲ್ಲಿ, ಮೊಣಕೈಯಲ್ಲಿ ದಾರಿ ಮಾಡಿಕೊಂಡು ಮುಂದೆ ಹೋಗಿ ನಾನೇ ನೋಡಿದ್ದೆ. ಮೇಷ್ಟ್ರು ಉಪ್ಪಿಗೆ ಗಂಧಕಾಮ್ಲ ಹಾಕಿ ಬಂದ ಅನಿಲವನ್ನು ಚೆನ್ನಾಗಿ ಒಣಗಿಸಿ, ಒಣ ಲಿಟ್ಮಸ್ಸಿನ ಮೇಲೆ ಬಿಟ್ಟಿದ್ದರು. ನೀಲಿ ನೀಲಿಯಾಗಿಯೇ ಉಳಿಯಿತು. ಪ್ರಯೋಗ ಕೈಕೊಟ್ಟಿತು ಎಂದು ಹುಡುಗರು ನಕ್ಕರು. ಮೇಷ್ಟ್ರು ಕಾಗದದ ಮೇಲೆ ಒಂದು ಹನಿ ನೀರು ಬಿಟ್ಟರು, ಹನಿ ಬಿದ್ದಲ್ಲಿ ಕೆಂಪಾಯಿತು. ನೀರು ಸಿಗುವ ತನಕ ಅದು ಆಮ್ಲದ ಕೆಲಸ ಮಾಡುವುದಿಲ್ಲ ಎಂದರು. ಆ ಅನಿಲದಲ್ಲಿ ಹೈಡ್ರೋಜನ್ನು ಕ್ಲೋರಿನ್ನಿನ ಜೊತೆ ಸುಮ್ಮನೆ ಕೂತಿರುತ್ತದೆ. ನೀರಿನ ಅಣು ಬಂದು ಹೈಡ್ರೋಜನ್ನನ್ನು ಎಳೆದುಕೊಳ್ಳುತ್ತದೆ. ಅದು ತನ್ನ ಎಲೆಕ್ಟ್ರಾನನ್ನು ಕ್ಲೋರಿನ್ನಿನ ಬಳಿಯೇ ಬಿಟ್ಟು ಹೋಗುತ್ತದೆ. ಹೋದದ್ದು ಧನ ಅಯಾನು, ಉಳಿದದ್ದು ಋಣ ಅಯಾನು. ಕಾಗದವನ್ನು ಕೆಂಪು ಮಾಡುವುದು, ನಾಲಿಗೆಗೆ ಹುಳಿ ಹತ್ತಿಸುವುದು, ಚರ್ಮ ಸುಡುವುದು ಎಲ್ಲ ಹಾಗೆ ನೀರಿಗೆ ಅಂಟಿಕೊಂಡ ಹೈಡ್ರೋಜನ್ನಿನ ಕೆಲಸ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ತೆಗೆದುಕೊಂಡು, ಕಾಗದವನ್ನು ಎರಡು ದಿನ ಅಟ್ಟದ ಮೇಲೆ ಒಣಗಿಸಿದ್ದೆ.

ಮಿಕ್ಕದ್ದು ಒಂದೊಂದಾಗಿ ಹೊಂದಿಕೊಂಡಿತು. ಗಂಧಕದ ಹೊಗೆ ಒಣಗಿದ್ದಾಗ ಬರೀ ಹೊಗೆ. ಒದ್ದೆ ಟವೆಲಿಗೆ ತಾಗಿದರೆ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಆ ಆಮ್ಲ ಬ್ಯಾಟರಿಯ ಆಸಿಡ್ಡಿನಷ್ಟು ಪೂರ್ತಿಯಾಗಿ ಒಡೆದು ಅಯಾನುಗಳಾಗುವುದಿಲ್ಲ, ಅರೆಬರೆ ಒಡೆಯುತ್ತದೆ. ಹಾಗಾಗಿ ತಟ್ಟನೆ ಸುಡುವುದಿಲ್ಲ. ದಿನಾ ಸಂಜೆಯವರೆಗೆ ಮುಖಕ್ಕೆ ಕಟ್ಟಿಕೊಂಡರೆ ವಾರಗಟ್ಟಲೆ ನಿಧಾನವಾಗಿ ತಿನ್ನುತ್ತದೆ. ತಟ್ಟನೆ ಸುಟ್ಟಿದ್ದರೆ ಯಾರೂ ಅದನ್ನು ರೋಗ ಎನ್ನುತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚು ಎಚ್ಚರ ಇದ್ದವಳು, ಹೆಚ್ಚು ನೀರು ಚಿಮುಕಿಸಿಕೊಂಡವಳು, ಅವಳೇ ಹೆಚ್ಚು ಸುಟ್ಟುಕೊಂಡಳು. ಹೊಗೆಗೆ ಒದ್ದೆ ಬಟ್ಟೆ ಎಂದು ಅವಳಿಗೆ ಹೇಳಿಕೊಟ್ಟಿದ್ದ ಊರಿನ ಬುದ್ಧಿಯೆಲ್ಲ ಸೌದೆಯ ಹೊಗೆಯದು. ಗಂಧಕದ್ದನ್ನು ಯಾರೂ ಹೇಳಿರಲಿಲ್ಲ, ಹೇಳಬೇಕಾದವರು ಅವಳಿಗೆ ಬೇರೆ ಲೋಟ ಇಟ್ಟಿದ್ದರು.

ಎರಡನೇ ಸಲ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬರುವಾಗ ಅಂಗಡಿಯಲ್ಲಿ ಎರಡು ಹೊಸ ಟವೆಲು ತೆಗೆದುಕೊಂಡೆ. ಚಿಕ್ಕಮ್ಮನದನ್ನು ತೋರಿಸಿದರೆ ರೋಗ ಅಂಟಿದೆ ಎನ್ನುತ್ತಾರೆ, ಯಾರ ಮುಖಕ್ಕೂ ತಾಗದ್ದೇ ಬೇಕಿತ್ತು. ಎರಡನ್ನೂ ಮಂಡಿಯ ನಲ್ಲಿಯಲ್ಲಿ ಒಂದೇ ನೀರಿಗೆ ಅದ್ದಿದೆ. ಬೆಳಿಗ್ಗೆ ಕೆಂಡ ಇಡುವವನು ಬಾಗಿಲು ಹಾಕುವ ಮೊದಲು ಒಂದನ್ನು ಒಂದಿಷ್ಟು ನೀರಿನ ಸಮೇತ ಬೇಸಿನ್ನಿನಲ್ಲಿ ಹಾಕಿ ಒಳಗಿಟ್ಟೆ. ಇನ್ನೊಂದನ್ನು ಹಾಗೆಯೇ ಬಕೆಟ್ಟಿನಲ್ಲಿ ನನ್ನ ಪಕ್ಕ ಇಟ್ಟುಕೊಂಡೆ. ಅವನು, ಬೈಸ್ಕೋತೀಯ ಕಣಕ್ಕ ಎಂದ. ಬೈಸ್ಕೋತೀನಿ ಎಂದೆ.

ಮಧ್ಯಾಹ್ನ ಬಾಗಿಲು ತೆಗೆದಾಗ ಎರಡು ಟವೆಲನ್ನೂ ಹೆಂಗಸರ ಸಾಲಿನ ನಡುವೆ, ಸಿಮೆಂಟಿನ ನೆಲದ ಮೇಲೆ ಹಾಸಿದೆ. ಯಜಮಾನರು ತಾವಾಗಿಯೇ ಬಂದರು. ಹೊರಗಿನ ಟವೆಲಿಗೆ ಕಾಗದ ಒತ್ತಿದೆ, ಬಣ್ಣ ಬದಲಾಗಲಿಲ್ಲ. ಒಳಗಿನದಕ್ಕೆ ಒತ್ತಿದೆ. ನೇರಳೆ ಕಾಗದ ಎಲ್ಲರ ಕಣ್ಣೆದುರು ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಆ ಕೆಂಪೂ ಬಿಳಚತೊಡಗಿತು. ಕೊಬ್ಬರಿಯನ್ನು ಬೆಳ್ಳಗೆ ಮಾಡುವುದೂ ಇದೇ ಅಲ್ಲವೇ ಎಂದೆ. ಯಾರೂ ಕಿಸಕ್ಕೆನ್ನಲಿಲ್ಲ. ಚಿಕ್ಕಮ್ಮನ ಪಕ್ಕದಿಂದ ಸರಿದು ಕೂತಿದ್ದ ಹೆಂಗಸು ಬಗ್ಗಿ ನನ್ನ ಕೈಯಿಂದ ಇನ್ನೊಂದು ಕಾಗದ ಕಿತ್ತುಕೊಂಡು ತಾನೇ ಒತ್ತಿ ನೋಡಿದಳು. ಆಮೇಲೆ ಮತ್ತೊಂದನ್ನು, ಬಾಗಿಲಿನಿಂದ ಬರುತ್ತಿದ್ದ ಹೊಗೆಗೆ ನೆನೆಸಿ ಮೂಗಿಗೆ ಹಿಡಿದಿದ್ದ ತನ್ನ ಸೆರಗಿನ ತುದಿಗೆ ಒತ್ತಿ ನೋಡಿದಳು. ಅದೂ ಕೆಂಪಾಯಿತು. ಅವಳು ಸೆರಗನ್ನು ಮೂಗಿನಿಂದ ದೂರ ಹಿಡಿದು ಹಾಗೇ ನಿಂತಳು.

ಯಜಮಾನರು, ಹೂವಿನ ಬಣ್ಣ ನೋಡಿ ಮನುಷ್ಯರ ಕಾಯಿಲೆ ಹೇಳಕ್ಕಾಗ್ತದಾ ಎಂದರು. ದನಿ ಇನ್ನೂ ತಣ್ಣಗೆ ಇತ್ತು. ನನಗೂ ಅದೇ ತಣ್ಣನೆ ದನಿ ಬಂತು, ಎಲ್ಲಿಂದ ಬಂತೋ ಗೊತ್ತಿಲ್ಲ.

“ಹೊಸ ಟವೆಲು ಯಜಮಾನ್ರೇ. ಯಾರೂ ಕಟ್ಟಿಲ್ಲ, ಯಾರ ಕಾಯಿಲೆನೂ ಇಲ್ಲ. ನಿಮ್ಮ ಕೋಣೆ ಹೊಗೆ, ನಿಮ್ಮ ನಲ್ಲಿ ನೀರು, ಅಷ್ಟೆ. ಸಂಜೆ ತನಕ ನೀವು ಮುಖಕ್ಕೆ ಕಟ್ಕೊಂಡಿರಿ. ಏನೂ ಆಗ್ಲಿಲ್ಲ ಅಂದ್ರೆ ನಾನೂ ಬೇವಿನ ಮರದ ಕೆಳಗೆ ಹೋಗಿ ಕೂತ್ಕೋತೀನಿ.”

ಟವೆಲನ್ನು ಎತ್ತಿ ಅವರ ಮುಂದೆ ಹಿಡಿದೆ. ನೀರು ತೊಟ್ಟಿಕ್ಕಿ ಅವರ ಚಪ್ಪಲಿಯ ಹತ್ತಿರ ಬಿತ್ತು. ಅವರು ಕೈ ಮುಂದೆ ತಂದರು. ತಂದದ್ದನ್ನು ನಾನು ನೋಡಿದೆ, ಹನ್ನೊಂದು ಹೆಂಗಸರು ನೋಡಿದರು. ಬೆರಳು ಬಟ್ಟೆಗೆ ತಾಗಿತು, ಹಿಂದಕ್ಕೆ ಹೋಯಿತು. ಆ ಬೆರಳನ್ನು ಅವರು ಪಂಚೆಗೆ ಒರೆಸಿಕೊಂಡರು, ಒಂದು ಸಲ ಅಲ್ಲ, ಎರಡು ಸಲ. ಕಾಗದ ಕೆಂಪಾದದ್ದಕ್ಕಿಂತ ಅದು ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಚಿಕ್ಕಮ್ಮ ಮರದ ಕೆಳಗಿಂದ ಎದ್ದು ಒಳಗೆ ಬಂದಿದ್ದಳು. ಸಾಲಿನ ಹತ್ತಿರ ನಿಂತು, ಸರ್ಕೊಳ್ರೇ ಎಂದಳು. ಸರಿದರು. ತನ್ನ ಹಳೆಯ ಜಾಗದಲ್ಲಿ ಕೂತಳು, ಪಕ್ಕದವಳ ಚೊಂಬು ಎತ್ತಿ ನೀರು ಕುಡಿದಳು. ಪಕ್ಕದವಳು ಅದೇ ಚೊಂಬಿನಲ್ಲಿ ಆಮೇಲೆ ತಾನೂ ಕುಡಿದಳು. ಅವತ್ತು ಕೊಬ್ಬರಿ ತರಲು ಹೊಗೆಯ ಕೋಣೆಗೆ ಯಾರೂ ಹೋಗಲಿಲ್ಲ. ಯಜಮಾನರು, ನಾಳೆ ಬೆಳಿಗ್ಗೆ ಹೊಗೆ ಪೂರ್ತಿ ಆರಿದ ಮೇಲೆ ತಂದರಾಯಿತು ಎಂದರು. ಮೊದಲೇ ಈ ಮಾತು ಹೇಳಲು ಅವರಿಗೆ ಏನು ಕಷ್ಟ ಇತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೋತ ದೊಡ್ಡವರು ಸುಮ್ಮನಿರುತ್ತಾರೆಯೇ? ಸಂಜೆ ಎಲ್ಲರೂ ಕೈ ತೊಳೆಯುವಾಗ ಯಜಮಾನರು ನನ್ನ ಹತ್ತಿರ ಬಂದು, ನಿನಗೆ ಇಲ್ಲಿ ಕೆಲಸ ಇಲ್ಲ ಕಣಮ್ಮ, ಓದಿದೋಳು ನೀನು, ಎಲ್ಲಾದ್ರೂ ಪಾಠ ಹೇಳು ಎಂದರು. ನಾನು ಅದಕ್ಕೆ ತಯಾರಾಗಿಯೇ ಇದ್ದೆ. ಸರಿ ಎಂದೆ, ಬ್ಯಾಗು ತೆಗೆದುಕೊಂಡೆ. ಚಿಕ್ಕಮ್ಮನ ಕಡೆ ತಿರುಗಿ ಅವರು ಮೊದಲಿನ ದನಿಯಲ್ಲೇ ಮಾತು ಶುರುಮಾಡಿದರು: ನೀವು ಇರಿ ತಾಯಿ, ನಿಮ್ಮಂಥ ಕೈ ಸಿಗಲ್ಲ, ಆದದ್ದು ಆಯಿತು.

ಚಿಕ್ಕಮ್ಮ ಆ ದಿನದ ಕೊನೆಯ ಉಂಡೆಯನ್ನು ಚಿಪ್ಪಿನಿಂದ ಬಿಡಿಸುತ್ತಿದ್ದಳು. ಪೂರ್ತಿ ಬಿಡಿಸಿ, ಪುಡಿ ಒರೆಸಿ, ಕುಕ್ಕೆಯಲ್ಲಿ ಮೆತ್ತಗೆ ಇಟ್ಟಳು. ಎದ್ದು ಸೀರೆ ಕೊಡವಿಕೊಂಡಳು. ಸುಟ್ಟ ಮುಖವನ್ನು ಮುಚ್ಚಿಕೊಳ್ಳದೆ ಅವರ ಮುಖ ನೋಡಿ ಹೇಳಿದಳು.

“ಕಾಯಿಲೆ ಅಂತ ನೀವು ಕಳ್ಸಿದ್ರೆ ನಾನು ಹೋಗ್ತಿರ್ಲಿಲ್ಲ ಯಜಮಾನ್ರೇ, ಆ ಮರದ ಕೆಳಗೇ ಸಾಯ್ತಿದ್ದೆ. ಈಗ ಕಾಯಿಲೆ ಅಲ್ಲ ಅಂತ ಆಯ್ತಲ್ಲ, ಈಗ ಹೋಯ್ತೀನಿ.”

ಬಸ್‌ಸ್ಟ್ಯಾಂಡಿಗೆ ನಾವಿಬ್ಬರೂ ಪಕ್ಕಪಕ್ಕದಲ್ಲೇ ನಡೆದೆವು.